ಏಳನೆಯ ಸಾಲು

ಇಲ್ಲಿ ಭಾನುವಾರ ದುಡಿಮೆಯ ದಿನ;
ನಮ್ಮ ಭಾನುವಾರ ಶುಕ್ರವಾರ ಬರುತ್ತದೆ.
ಮನಾಮದಲ್ಲಿ ಚರ್ಚಿನ ಹಿಂದಿನ ಕೋಣೆ ನಮಗೆ
ಎರಡೂಕಾಲರಿಂದ ಮೂರೂವರೆ.
ನಮಗಿಂತ ಮೊದಲು ತೆಲುಗಿನವರು, ಆಮೇಲೆ ಫಿಲಿಪೀನಿನವರು.
ನಾವು ಕೂರುವಾಗ ಕುರ್ಚಿ ಇನ್ನೂ ಬೆಚ್ಚಗಿರುತ್ತದೆ
ಎದ್ದುಹೋದವರ ಮೊರೆಯಿಂದ.

ಅಲ್ಲೊಂದು ನೋಟ್‌ಬುಕ್ಕಿದೆ, ಇನ್ನೂರು ಪುಟದ್ದು,
ಪ್ರಾರ್ಥನೆಯ ವಿಷಯಗಳದು.
ದಾನಿಯೇಲಪ್ಪ ಮಾಸ್ತರರು, ಟೈಲ್ಸ್ ಅಂಗಡಿಯ ಲೆಕ್ಕಿಗರು,
ಒಂದೊಂದೇ ಓದುತ್ತಾರೆ.
ಪ್ರೇಮಲತಾಳ ವೀಸಾ: ಬಂತು, ಗೆರೆ ಎಳೆ.
ಎಲೀಷನ ಮೂತ್ರಪಿಂಡದ ಕಲ್ಲು: ಬಿತ್ತು, ಗೆರೆ ಎಳೆ.
ಆ ಕಲ್ಲಿಗೂ ಸ್ತೋತ್ರ ಹೇಳಿದೆವು, ನಗು ತಡೆದು.
ಏಳನೆಯದು ನನ್ನದು:
‘ಆಮೋಸ, ಬೆಟಗೇರಿ. ಕುಡಿತ ಬಿಡಲಿ.’
ಒಂಬತ್ತು ವರ್ಷವಾಯಿತು.
ನೋಟ್‌ಬುಕ್ಕು ಮೂರು ಮುಗಿದವು.

ಒಮ್ಮೆ ಗೆರೆ ಎಳೆಸಿದ್ದೆ.
ತಮ್ಮ ನಲವತ್ತೊಂದು ದಿನ ಮುಟ್ಟಿರಲಿಲ್ಲ,
ಹೊಸ ಅಂಗಿ ತೊಟ್ಟು ಮಗ್ಗದ ಮುಂದೆ ಕೂತ
ಫೋಟೋ ಕಳಿಸಿದ್ದ.
ಎಲ್ಲರೂ ಎದ್ದು ನಿಂತು ಹಾಡಿದರು,
ನಾನು ಖರ್ಜೂರ ಹಂಚಿದೆ.
ಮುಂದಿನ ತಿಂಗಳು ಮಾಸ್ತರರ ಬಳಿ ಹೋಗಿ
ಮೆಲ್ಲಗೆ ಕೇಳಬೇಕಾಯಿತು:
‘ಆ ಏಳನೇದು... ಮತ್ತ ಬರೀತೀರೇನ್ರಿ?’
ಅಳಿಸಿದ್ದನ್ನು ಮತ್ತೆ ಬರೆಸುವ ನಾಚಿಕೆ,
ತೀರಿಸಿದ ಸಾಲಕ್ಕೆ ಮತ್ತೆ ಕೈಯೊಡ್ಡಿದಂತೆ.

ವಾರದ ಉಳಿದ ದಿನ ಮುಹರ್ರಕ್‌ನಲ್ಲಿ
ಉಮ್ ಜಾಸಿಮಳ ಕಾಲು ನೀವುತ್ತೇನೆ.
ಎಂಬತ್ತಾರು; ಕಣ್ಣು ಮಂಜು, ನಾಲಿಗೆ ಚೂಪು.
ನನ್ನ ಅರಬ್ಬಿ ಮುರುಕು, ಅವಳ ಹಿಂದಿ ಸಿನಿಮಾದ್ದು.
ಒಂದು ಸಂಜೆ ಹೇಳಿದಳು:
ಅವಳ ಅಜ್ಜ ಕುಡಿಯುವ ನೀರಿಗೆಂದು ಕಡಲಿಗೆ ಇಳಿಯುತ್ತಿದ್ದನಂತೆ.
‘ಕಡಲಿಗಾ?’
ಹೌದು, ಉಪ್ಪಿನ ಅಡಿಗೆ ಸಿಹಿ ಒರತೆ.
ಮೇಕೆತೊಗಲಿನ ಚೀಲ ಹಿಡಿದು ಮುಳುಗಬೇಕು,
ಅದರ ಬಾಯಿ ಬಿಗಿಯಾಗಿ ಮುಚ್ಚಿರಬೇಕು;
ತಳದ ತಣ್ಣೀರು ಬೆರಳಿಗೆ ತಾಗುವ ಮೊದಲೇ
ಬಿಚ್ಚಿದೆಯೋ, ಉಪ್ಪು ತುಂಬಿತು.
ಅವಸರದವನ ಮನೆಯಲ್ಲಿ ಅಂದು ಚಹಾ ಇಲ್ಲ.

ಆ ರಾತ್ರಿ ನನ್ನ ಮೊರೆಗಳನ್ನು ತೆಗೆದು ನೋಡಿಕೊಂಡೆ.
ಎಷ್ಟು ಸಲ ಅರ್ಧ ದಾರಿಯಲ್ಲೇ ಬಾಯಿ ಬಿಚ್ಚಿದ್ದೆ!
ಈ ಕ್ರಿಸ್ಮಸ್ಸಿನೊಳಗೆ, ಕರ್ತನೇ.
ಅಪ್ಪ ಕಣ್ಣು ಮುಚ್ಚುವ ಮೊದಲು, ಕರ್ತನೇ.
ಅಪ್ಪ ಮುಚ್ಚಿದರು. ಪೆಟ್ಟಿಗೆಯ ಬಳಿ
ತಮ್ಮ ನೆಟ್ಟಗೆ ನಿಲ್ಲಲಾರದೆ ಹೋದನಂತೆ,
ಯಾರೋ ಕುರ್ಚಿ ಕೊಟ್ಟರಂತೆ.

ಇನ್ನೊಂದು ದಿನ ಕೇಳಿದೆ: ಆ ಒರತೆ ಈಗ?
ಮುದುಕಿ ತುಟಿ ಸೊಟ್ಟ ಮಾಡಿದಳು.
‘ಬತ್ತಿತು. ಈಗ ನೀರು ಕಾರ್ಖಾನೆಯಿಂದ.’
ಶುಕ್ರವಾರ ಸಾಕ್ಷಿ ಹೇಳಲೆಂದು
ಆ ಕಥೆಯನ್ನು ಎದೆಯಲ್ಲಿ ಮಡಿಚಿಟ್ಟಿದ್ದೆ.
ಹೇಳಲಿಲ್ಲ.
ಸುಮ್ಮನೆ ಅವಳ ಹಿಮ್ಮಡಿಯ ಬಿರುಕಿಗೆ ಎಣ್ಣೆ ಹಚ್ಚಿದೆ.
ಈ ವಯಸ್ಸಿಗೆ ಅದು ಕೂಡುವುದಿಲ್ಲ, ಗೊತ್ತು;
ಹಚ್ಚದ ದಿನ ರಕ್ತ ಬರುತ್ತದೆ, ಅದೂ ಗೊತ್ತು.

ನಿನ್ನೆ ರಾತ್ರಿ ಫೋನು:
‘ಅಕ್ಕಾ, ಅಲ್ಲಿ ಇನ್ನೂ ನನ್ನ ಹೆಸರು ತಗೀತೀಯೇನು?’
ಮಾತು ತೊದಲುತ್ತಿತ್ತು.
‘ತಗೀತೀನಿ.’
‘ಬ್ಯಾಸರ ಆಗೂದಿಲ್ಲೇನು?’
‘ಆಗ್ತದ.’
ಅವನು ಬಹಳ ಹೊತ್ತು ಫೋನು ಇಡಲಿಲ್ಲ.
ಬೆಟಗೇರಿಯ ಯಾವುದೋ ನಾಯಿ
ನನ್ನ ಕಿವಿಯಲ್ಲಿ ಬೊಗಳುತ್ತಿತ್ತು.

ಇಂದು ವರ್ಷದ ಕೊನೆಯ ಶುಕ್ರವಾರ,
ಉಳಿದದ್ದನ್ನು ಹೊಸ ನೋಟ್‌ಬುಕ್ಕಿಗೆ ಇಳಿಸುವ ದಿನ.
ಪ್ರತಿ ಸಲ ಮಾಸ್ತರರು ಪೆನ್ನು ಎತ್ತಿಹಿಡಿದು
ನನ್ನ ಮುಖ ನೋಡುತ್ತಿದ್ದರು:
‘ಇದನ್ನೂ ಬರೀಲೇನವ್ವಾ?’
ಈ ಸಲ ಕೇಳಲಿಲ್ಲ.
ನಾನು ಹೋಗುವಷ್ಟರಲ್ಲಿ ಬರೆದಾಗಿತ್ತು, ಏಳು ಅಂತ ಅಂಕಿ ಹಾಕಿ;
ಮೇಲಿನ ಆರು ಸಾಲು ಖಾಲಿ,
ಬರಲಿರುವ ಯಾರು ಯಾರಿಗೋ.

ಮೂರೂವರೆಯಾಯಿತು. ಬಾಗಿಲಲ್ಲಿ ಫಿಲಿಪೀನಿನವರು
ಗಿಟಾರು ತಬ್ಬಿ ನಿಂತಿದ್ದರು.
‘ಒಂದು ನಿಮಿಷ’ ಅಂದೆ, ಕನ್ನಡದಲ್ಲೇ,
ಕಣ್ಣು ಮುಚ್ಚಿದೆ.
ಅವರು ಕಾದರು.