ಟೊಪ್ಪಿಗಿ ಒಳಗ ಯಾರದಾರ?

ಏಳು ನೂರಾ ಹನ್ನೆರಡು ದೀಪ ನನ್ನ ಕೈಯಾಗ.
ಮುಂಜಾನಿ ಬಿಲ್ಲೆ ತಗೊಂಡು ದೀಪ ಕೊಡ್ತೀನಿ,
ಮಧ್ಯಾಹ್ನ ದೀಪ ತಗೊಂಡು ಬಿಲ್ಲೆ ಕೊಡ್ತೀನಿ.
ಹಟ್ಟಿ ಗಣಿಯಾಗ ನನ್ನ ಕೆಲಸ ಇಷ್ಟ.
ಉಳಿದದ್ದು ಕಿವಿದು.

ಯಾಕಂದ್ರ ಸಾಲಿನ್ಯಾಗ ನಿಂತವರು
ಬಂಗಾರದ ಮಾತು ಆಡಂಗಿಲ್ಲ, ಪಗಾರದ್ದೂ ಕಡಿಮಿ.
ಹನ್ನೊಂದು ವರ್ಷದಿಂದ ಒಂದ ಮಾತು:
ನಿಶಾಧಿಪನ ಟೊಪ್ಪಿಗಿ ಒಳಗ ಯಾರದಾರ?

ಧಾರಾವಾಹಿ ಅದು, ಯಾವುದೋ ದೇಶದ್ದು,
ಕನ್ನಡ ಮಾಡ್ಯಾರ. ಐತವಾರ ರಾತ್ರಿ ಒಂಬತ್ತಕ್ಕ.
ಒಂದು ಚಂದ್ರನ್ನ ಕೊರದು ಕೊರದು
ಅದರ ಹೊಟ್ಟಿಯಾಗ ಮಂದಿ ಊರು ಕಟ್ಟ್ಯಾರ.
ನಿಶಾಧಿಪ ಬರ್ತಾನ, ಕರೇ ಲೋಹದ ಮುಖ,
ಪುಸ್ತಕದ ಕನ್ನಡದಾಗ ಅಂತಾನ:
"ನಿಮ್ಮ ಸೂರ್ಯರನ್ನೆಲ್ಲ ಆರಿಸಿಬಿಡುತ್ತೇನೆ."
ಹಂಗ ಮಾತಾಡೋರನ್ನ ನಾನು
ಬ್ಯಾಂಕು ಬಿಟ್ರ ಬ್ಯಾರೆಲ್ಲೂ ಕಂಡಿಲ್ಲ.

ಟಿಂಬರ್ ಕೆಲಸದ ಆದೆಪ್ಪ ಅಂತಾನ,
"ಅಂವ ನಾಯಕನ ಅಣ್ಣ. ಪಾಲಿನ ಸಿಟ್ಟು.
ಎರಡನೇ ಭಾಗದಾಗ ಊಟಕ್ಕ ಕುಂತಾಗ
ಒಂದು ತಾಟು ಹೆಚ್ಚಿಗಿ ಇತ್ತು, ನೋಡೀರೇನು?"
ಆದೆಪ್ಪಂದು, ಅವನ ತಮ್ಮಂದು
ಲಿಂಗಸುಗೂರು ಕೋರ್ಟಿನ್ಯಾಗ ಐತಿ,
ಹದಿನಾಲ್ಕು ವರ್ಷ.

ಖಾಜಾಹುಸೇನಿ ಲೆಕ್ಕದ ಮನುಷ್ಯಾ.
ಮದ್ದು ತುಂಬೋ ಕೈಲೆ ನೋಟುಬುಕ್ಕಿನ್ಯಾಗ ಬರ್ದಾನ:
ನಿಶಾಧಿಪ ಎಡಗೈಲೆ ಬಾಗಲಾ ತೆಗದದ್ದು ಮೂವತ್ತೊಂದು ಸಲ.
ಆ ಕಥಿಯಾಗ ಎಡಚರು ಇಬ್ಬರ,
ಸತ್ತ ಕ್ಯಾಪ್ಟನ್, ಮತ್ತ ಅಡಿಗಿ ಮಾಡಾಕಿ.
ಸತ್ತಾಂವ ಸತ್ತಿಲ್ಲ ಅಂತ ತೀರ್ಮಾನ ಮಾಡಿದ್ರು.
ಅಡಿಗಿ ಮಾಡಾಕಿ ಕಡೆ ಯಾರೂ ಹೊಳ್ಳಿ ನೋಡ್ಲಿಲ್ಲ.
ನಾನೂ ಎಡಚಿ. ಸುಮ್ನ ದೀಪ ಕೊಟ್ಟೆ.

ನಾಲ್ಕನೇ ಭಾಗದಾಗ ದನಿ ಬದಲಾತು.
ಅವತ್ತು ಕೇಜು ಇಳಿಯೂದು ಹತ್ತು ನಿಮಿಷ ತಡ.
"ಒಳಗಿನವನ್ನ ಬದಲ್ ಮಾಡ್ಯಾರ!" ದಾವೀದಪ್ಪ ಚೀರಿದ,
"ನಿಶಾಧಿಪ ಅಂದ್ರ ಮನುಷ್ಯಾ ಅಲ್ಲೋ, ಹುದ್ದೆ.
ಮ್ಯಾನೇಜರ್ ಇದ್ದಂಗ. ಕುರ್ಚಿ ಒಂದ, ಕುಂಡ್ರೋರು ಬ್ಯಾರೆ."
ಯೂನಿಯನ್ನಿನವರು ಚಪ್ಪಾಳಿ ಹೊಡದ್ರು.
"ದನಿ ಕೊಡಾವಂಗ ನೆಗಡಿ ಬಂದಿರ್ಬೇಕು" ಅಂದೆ ನಾನು.
ಮೂರು ದಿನ ನನ್ನ ಮಾತಾಡಿಸ್ಲಿಲ್ಲ.

ಮೌನೇಶ ಹೊಸಾಬ, ಐಟಿಐ ಮುಗಿಸಿ ಬಂದಾಂವ:
"ಅಕ್ಕಾ, ಒಳಗ ಯಾರೂ ಇಲ್ಲ. ಖಾಲಿ ಡಬ್ಬಿ."
ಅವತ್ತು ಮೊದಲನೇ ಸಲ
ಎರಡೂವರಿ ಸಾವಿರ ಅಡಿ ಇಳಿದು ಬಂದಿದ್ದ.
ಐದು ನೂರಾ ಆರು ನಂಬರಿನ ಬಿಲ್ಲೆ
ಅವನ ಕೈಯಿಂದ ಎರಡು ಸಲ ಬಿತ್ತು.

ನನ್ನ ವಿಚಾರ ಯಾರೂ ಕೇಳಿಲ್ಲ.
ಕಿಟಕಿನ್ನ ಯಾರು ಕೇಳ್ತಾರ.
ನನಗನಿಸೂದು, ಅಂವ ಮುಖ ಮುಚ್ಚಿಕೊಂಡಿಲ್ಲ.
ದೀಪದ ಜೋಡಿ ಉಸುರಿನ ಡಬ್ಬಿನೂ ನಾನ ಕೊಡ್ತೀನಲ್ಲ,
ದಿನಾ ಒರಸಿ, ಸೀಲು ನೋಡಿ.
ಹೊಗಿ ತುಂಬಿದ್ರ ಹಲ್ಲಾಗ ಕಚ್ಚಬೇಕು, ಮೂಗಿಗೆ ಚಿಮಟ ಹಾಕಬೇಕು.
ಆ ಚಂದ್ರನ ಹೊಟ್ಟಿಯಾಗ
ಅಂವಗ ಗಾಳಿ ಸಾಲ್ತಿರಲಿಕ್ಕಿಲ್ಲ.
ಎಲ್ಲಾರೂ ಯಾರು, ಯಾರು ಅಂತಾರ.
ಎಷ್ಟೊತ್ತಿನಿಂದ ಕೆಳಗದಾನ ಅಂತ ಒಬ್ಬರೂ ಕೇಳಂಗಿಲ್ಲ.

ನಿನ್ನೆ ಮೂರೂವರಿಗೆ ಎಲ್ಲಾ ದೀಪ ಬಂದ್ವು,
ಒಂದು ಬಿಟ್ಟು.
ಐದು ನೂರಾ ಆರರ ಬಿಲ್ಲೆ ಗೂಟಕ್ಕ ಹಂಗ ಇತ್ತು.
ನಾಲ್ಕಾತು. ಶಾಫ್ಟಿಗೆ ಫೋನು ಹಚ್ಚಿದೆ, ಎತ್ತಲಿಲ್ಲ.
ರಿಜಿಸ್ಟರಿನ್ಯಾಗ ಗೆರಿ ಹೊಡದೆ, ಮತ್ತ ಅದರ ಮ್ಯಾಲ ಹೊಡದೆ.
ನಾಲ್ಕು ಹತ್ತಕ್ಕ
ಕಿಟಕಿಗೆ ಒಂದು ಆಕಾರ ಬಂದು ನಿಂತ್ತು.
ಅಡಿಯಿಂದ ನೆತ್ತಿತನಕ ಕಲ್ಲಿನ ಹಿಟ್ಟು,
ಧೂಳಿನ ಪಟ್ಟಿ ಮುಖಕ್ಕ, ಕಣ್ಣೂ ಕಾಣವಲ್ವು.
"ಯಾರು?" ಅಂದೆ.
ನನ್ನ ದನಿ ನನಗ ಸಣ್ಣ ಕೇಳಿಸ್ತು.

ಅದು ಎಡಗೈಲೆ ದೀಪ ಚಾಚಿ, ಗಂಟಲಾ ದಪ್ಪ ಮಾಡಿ,
"ನಿಮ್ಮ ಸೂರ್ಯರನ್ನೆಲ್ಲ..."

"ಆರಸಪಾ, ಮೊದಲ ಇದನ್ನ ಆರಸು" ಅಂದೆ,
"ಬ್ಯಾಟರಿ ಪೂರಾ ಇಳದೈತಿ."
ಬಿಲ್ಲೆ ಒಗದೆ.