ಸಿಪ್ಪೆ

ದಸ್ತಗೀರ ರಸ ಹಿಂಡಿ ಎಸೆದ ದಾಳಿಂಬರಿ ಸಿಪ್ಪೆ
ಚೀಲ ತುಂಬಿ ತಂದೆ, ನೆರಳಿಗೆ ಒಣಗಿಸಿದೆ.
“ಕಸಾ ಒಯ್ದು ಏನ್ ಮಾಡ್ತೀರಿ ಅಕ್ಕಾರ?”

ಗಾಜಿನ ತಟ್ಟೆಯಲ್ಲಿ ಕಾವಲು ಕಣಗಳು ಕೆರಳಿವೆ.
ಶತ್ರು ಇಲ್ಲ ಅಲ್ಲಿ; ಸತ್ತ ಬ್ಯಾಕ್ಟೀರಿಯಾದ
ಹರಕು ಅಂಗಿ ಮಾತ್ರ ತೋರಿಸಿದ್ದೇನೆ.
ಅಷ್ಟಕ್ಕೇ, ಗೋಳಗುಮ್ಮಟದೊಳಗಿನ ಚಪ್ಪಾಳೆಯಂತೆ,
ಒಂದು ಕೂಗು ಏಳಾಗಿ.

ಸಿಪ್ಪೆಯ ಒಗರು ಒಂದು ಹನಿ ಬಿಟ್ಟೆ.
ಅದು ಯಾರನ್ನೂ ಕೊಲ್ಲಲಿಲ್ಲ.
ಗುಲ್ಲು ಹೊತ್ತು ಕಣದ ನಡುಮನೆಗೆ ಓಡುವವನನ್ನು
ಹೊಸ್ತಿಲಲ್ಲೇ ತಡೆಯಿತು:
ಕುಂದ್ರು, ನೀರ ಕುಡಿ.

ಬೆಳಗಿನ ಅಳತೆಯಲ್ಲಿ ಉರಿ ಅರ್ಧ ಇಳಿದಿತ್ತು.
ತಟ್ಟೆಯಲ್ಲಿ, ಅಷ್ಟೇ. ಮೈಯ ಮಾತು ಬೇರೆ.

ಸಂಜೆ ಗಾಂಧಿ ಚೌಕದಲ್ಲಿ ದಸ್ತಗೀರ
ಊದಿದ ಬೆರಳುಗಳಿಂದ ಗ್ಲಾಸು ಚಾಚಿದ.
ಏನೂ ಹೇಳಲಿಲ್ಲ ನಾನು. ಸಿಹಿ ಕುಡಿದೆ,
ಸಿಪ್ಪೆಯ ಚೀಲ ಎತ್ತಿಕೊಂಡೆ.