ಸುಸ್ತಾದ ಕಾಯಿ

ಹತ್ತಕ್ಕೆ ಮೂರು.
ನಾನು ಬಿಡಿಸಿದ ಕಲ್ಲಿಗೆ ಎರಡು ಬಾಣ:
ಒಂದು ಕೆಳಕ್ಕೆ, ಭೂಮಿಯದು;
ಒಂದು ಮುಂದಕ್ಕೆ, ಎಸೆದ ಕೈಯದು.
ಎರಡನೆಯದನ್ನು ತಸ್ಲೀಮ ಮೇಡಂ
ಕೆಂಪು ಶಾಯಿಯಲ್ಲಿ ಹೊಡೆದುಹಾಕಿ
ಪಕ್ಕದಲ್ಲಿ ಕೇಳಿದ್ದರು:
‘ಗಾಳಿಯಲ್ಲಿ ಇದನ್ನು ಯಾರು ತಳ್ಳುತ್ತಿದ್ದಾರೆ?’

ಯಾರೂ ಇಲ್ಲ ಅನ್ನಲು ಬಾಯಿ ಬರಲಿಲ್ಲ.
ಯಾರೂ ತಳ್ಳದೆ ಮುಂದೆ ಹೋಗುವಂಥದ್ದು
ನಾನು ಕಂಡದ್ದರಲ್ಲಿ ಯಾವುದಿದೆ?
ಕೆಟ್ಟು ನಿಂತ ಲೂನಾ, ಕಾಯಿ ತುಂಬಿದ ತಳ್ಳುಗಾಡಿ,
ಹತ್ತನೇ ಕ್ಲಾಸು ಹೇಗೋ ದಾಟಿ ಬಂದ ನಾನು,
ಎಲ್ಲದರ ಹಿಂದೆಯೂ ಒಂದು ಕೈ.

ಬೆಳಗಿನ ನಾಲ್ಕೂವರೆಗೆ
ಮದ್ದೂರಿನ ಎಳನೀರು ಮಾರುಕಟ್ಟೆ.
ಟ್ಯೂಬ್‌ಲೈಟಿನ ಕೆಳಗೆ ಹಸಿರು ಗುಡ್ಡೆ,
ದೂರದೂರಿಗೆ ಹೊರಟ ಲಾರಿ.
ಕೆಳಗೆ ನಾನು, ಮೇಲೆ ಮೊಗಣ್ಣ.
ಕಾಲೇಜಿನ ಗಂಟೆಗೆ ಮೊದಲು ಒಂದು ಲೋಡು.

ನಮ್ಮ ಎಣಿಕೆಯಲ್ಲಿ ‘ಒಂದು’ ಇಲ್ಲ.
ಲಾಭ, ಎರಡು, ಮೂರು.
‘ಲಾಭ’ ಎಂದು ಬಾಯಿ ಮುಚ್ಚುವಷ್ಟರಲ್ಲಿ
ಕಾಯಿ ಅವನ ಕೈಯಲ್ಲಿರುತ್ತದೆ.

ಮೊದಲ ವಾರ ನಾನು ಎಸೆದದ್ದೆಲ್ಲ ಗುಂಡು.
ಒಂದು ಅವನ ಕೆನ್ನೆ ಸವರಿ ಆಚೆ ಬಿದ್ದು
ಒಡೆದು, ನಾಯಿಗೆ ನೀರಾಯಿತು.
‘ಜೋರು ತೋರಿಸ್‌ಬ್ಯಾಡ ಕಣ್ಲಾ,’ ಅಂದ ಮೊಗಣ್ಣ,
‘ನಂಗೆ ಸುಸ್ತಾದ ಕಾಯಿ ಬೇಕು.
ಬತ್ತಾ ಬತ್ತಾ ಸುಸ್ತಾಗಿ
ನನ್ ಕೈತಾವ ಬಂದು ನಿಂತ್ಕಬೇಕು.’

ಇದನ್ನು ಮೇಡಂಗೆ ಹೇಳಿದೆ. ನಕ್ಕರು.
‘ಸುಸ್ತು ಅನ್ನುವ ಪದ ನನ್ನ ಹತ್ತಿರ ಇಲ್ಲ.
ಸೆಕೆಂಡಿಗೆ ಹತ್ತು ಕಳೆಯುತ್ತೆ, ಅಷ್ಟೇ.
ಅದೂ ಮೇಲಿನ ಲೆಕ್ಕದಲ್ಲಿ ಮಾತ್ರ.
ಅಡ್ಡದ ಲೆಕ್ಕವನ್ನು ಯಾರೂ ಮುಟ್ಟಲ್ಲ.
ನಾಳೆ ಅವರ ಕೈ ನೋಡಿಕೊಂಡು ಬಾ.’

ನೋಡಿದೆ.
ಎಷ್ಟು ದಿನ ಎಸೆದಿದ್ದೆ, ನೋಡಿರಲಿಲ್ಲ.

ಕಾಯಿ ಏರಿ ಏರಿ, ಇನ್ನೇನು ಇಳಿಯಬೇಕು,
ಆ ಗಳಿಗೆಯಲ್ಲಿ ಮೊಗಣ್ಣನ ಅಂಗೈ
ಮೇಲಕ್ಕೆ ಹೋಗಲಿಲ್ಲ, ಕೆಳಕ್ಕೆ ಕುಸಿಯಲಿಲ್ಲ.
ಹಿಂದಕ್ಕೆ, ಅವನ ಹೊಟ್ಟೆಯ ಕಡೆಗೆ,
ಒಂದೇ ಒಂದು ಗೇಣು ಸರಿಯಿತು.

ಎರಡನೆಯ ಕಾಯಿಗೂ ಒಂದು ಗೇಣು.
ನಲವತ್ತನೆಯದಕ್ಕೂ.

ಅಂದರೆ ಮೇಲೇರುವ ಓಟವೆಲ್ಲ ಮುಗಿದ ಮೇಲೂ
ಮುಂದೆ ನಡೆಯುವುದು ಉಳಿದೇ ಇತ್ತು.
ನನ್ನ ಕೈ ಬಿಟ್ಟಾಗ ಎಷ್ಟಿತ್ತೋ ಅಷ್ಟೇ,
ಖರ್ಚಾಗದೆ, ಬಡ್ಡಿಯೂ ಬೆಳೆಯದೆ.
ಯಾರೂ ತಳ್ಳುತ್ತಿರಲಿಲ್ಲ.
ತಡೆಯುವವರೂ ಇರಲಿಲ್ಲ,
ಆ ಒಂದು ಗೇಣು ಬರುವ ತನಕ.

ಕೊಸೈನ್ ತೀಟಾ
ಬನಿಯನ್ ಹಾಕಿಕೊಂಡು ಲಾರಿಯ ಮೇಲೆ ನಿಂತಿತ್ತು.

ನಾನು ಎಣಿಕೆ ತಪ್ಪಿದೆ.
ಅರವತ್ತೆರಡೋ ಅರವತ್ನಾಲ್ಕೋ,
ಮಂಡಿಯ ರೈಟರು ಬೈದರು, ಮತ್ತೆ ಲಾಭದಿಂದ ಶುರು.

‘ಮೊಗಣ್ಣ, ಕಾಯಿ ನನ್ನ ಕೈ ಬಿಟ್ಟ ಮೇಲೆ
ನನ್ನ ಬಲ ಅದರಲ್ಲಿ ಇರುತ್ತಾ?’
‘ಕೈ ಬುಟ್ಟ ಮ್ಯಾಲೆ ನಿಂದೇನ್ಲಾ ಅದ್ರಾಗೆ?
ಎಸ್ಯೋವರ್ಗೂ ನಿಂದು. ಹಿಡಿದ್ಮ್ಯಾಲೆ ನಂದು.’
‘ನಡುವೆ?’
ಬೀಡಿ ಹಚ್ಚಲು ಬಗ್ಗಿದವನು ಉತ್ತರಿಸಲಿಲ್ಲ.

ನಡುವೆ ಒಂದೇ ಬಾಣ.
ಏರುವಾಗಲೂ ಕೆಳಕ್ಕೆ, ಇಳಿಯುವಾಗಲೂ ಕೆಳಕ್ಕೆ.
ತುತ್ತತುದಿಯಲ್ಲಿ, ಕಾಯಿ ನಿಂತಂತೆ ಕಾಣುವಲ್ಲಿ,
ಅಲ್ಲೂ ಅಷ್ಟೇ ಉದ್ದದ ಬಾಣ;
ಅಲ್ಲಿ ಅದನ್ನು ಸೊನ್ನೆ ಮಾಡಿ
ಇನ್ನೊಂದು ಅಂಕ ಕಳೆದುಕೊಂಡಿದ್ದೆ.

ಪ್ರಶ್ನೆಯ ಕೊನೆಯಲ್ಲಿ ಒಂದು ಸಾಲು:
ಗಾಳಿಯ ತಡೆಯನ್ನು ನಿರ್ಲಕ್ಷಿಸಿ.
ಅದನ್ನು ಓದಿ ಹೇಳಿದಾಗ ಮೊಗಣ್ಣ
ಲಾರಿಯ ಮೇಲಿಂದ ಹೊಟ್ಟೆ ಹಿಡಿದುಕೊಂಡು ನಕ್ಕ.
‘ಆಸಾಡ ಬರ್ಲಿ, ನಿರ್ಲಕ್ಸ ಮಾಡು ನೋಡಾನ.’

ಆಷಾಢಕ್ಕೆ ಇನ್ನೂ ದಿನವಿದೆ.
ಎಂಟೂಕಾಲಿನ ಬಸ್ಸು ಹಿಡಿಯಬೇಕು,
ಅಂಗೈಯಲ್ಲಿ ಕಾಯಿಯ ಕರೆ, ಸೋಪಿಗೆ ಹೋಗುವುದಿಲ್ಲ.
ಕೊನೆಯ ಕಾಯಿ ಎತ್ತಿಕೊಂಡೆ.
ಬಿಟ್ಟೆ.
ಅದು ಈಗ ಯಾರದೂ ಅಲ್ಲ.